ಗಂಡಿಗೆ ಕೊಟ್ಟ ವಾಚು: ಹಳೇದು ಕೊಳ್ಳೋ ಮುಂಚೆ, ಮಾರೋ ಮುಂಚೆ

ನಮ್ಮ ಕಡೆ ಮದುವೆ ಮಾತುಕತೆಗೆ ಕೂತಾಗ ‘ವಾಚು-ಉಂಗುರ’ ಅನ್ನೋದು ಒಂದೇ ಪದದ ಥರ ಬಾಯಿಗೆ ಬರ್ತಿತ್ತು. ಗಂಡಿಗೆ ಏನು ಕೊಡ್ತೀರಿ ಅಂದ್ರೆ ವಾಚು-ಉಂಗುರ, ಒಂದು ಜೊತೆ ಬಟ್ಟೆ. ಸ್ವಲ್ಪ ಅನುಕೂಲಸ್ಥರಾದ್ರೆ ಮೇಲೊಂದು ಸೈಕಲ್ಲು. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಯಾವ ಕಡೆ ಹೋದ್ರೂ ಇದೇ ಮಾತು. ಆ ವಾಚಿಗೆ ದುಡ್ಡು ಹೊಂದಿಸ್ತಿದ್ದೋನು ಹೆಣ್ಣಿನ ಅಪ್ಪ. ಕಡ್ಲೆಕಾಯಿ ಮಾರಿದ ದುಡ್ಡೋ, ಎರಡು ಕುರಿ ಕೊಟ್ಟ ದುಡ್ಡೋ, ಯಾರ ಹತ್ರನೋ ಕೈಸಾಲವೋ. ಕಟ್ಕೊಂಡಿದ್ದು ಗಂಡಿನ ಕೈ. ನಮ್ಮ ಅಮ್ಮಂದಿರ ಕೈಗೆ ಬಳೆ ಇತ್ತೇ ಹೊರತು ವಾಚು ಇರ್ಲಿಲ್ಲ. ಅವರಿಗೆ ಟೈಮು ಅಂದ್ರೆ ಪಡಸಾಲೆ ಕಂಬಕ್ಕೆ ಬಂದ ಬಿಸಿಲು, ರೇಡಿಯೋ ವಾರ್ತೆ, ಬೆಳಗಿನ ಬಸ್ಸು.

ಹಂಗೆ ಕೊಟ್ಟ ವಾಚುಗಳು ಈಗ ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ಅರಿಶಿನ ಕುಂಕುಮದ ಹಳೇ ಡಬ್ಬಿಯಲ್ಲಿ ಬಿದ್ದವೆ. ಈಗ ಇದನ್ನ ಬರೆಯೋಕೆ ಕಾರಣ ಎರಡು. ಒಂದು, ನಮ್ಮ ನೆಂಟರಲ್ಲೇ ಒಬ್ಬಳು, ತೀರಿಹೋದ ಅವಳಪ್ಪನ ವಾಚನ್ನ ಬೈಕಲ್ಲಿ ಬಂದ ಹಳೇ ಸಾಮಾನಿನವನಿಗೆ ನೂರೈವತ್ತು ರೂಪಾಯಿಗೆ ಕೊಟ್ಟುಬಿಟ್ಟಳು. ಆಮೇಲೆ ಅಣ್ಣ ಬಂದು ಕೇಳಿದಾಗ ಅತ್ತಿದ್ದೇ ಅತ್ತಿದ್ದು. ಎರಡು, ಬೆಂಗಳೂರಲ್ಲಿ ಕೆಲಸದಲ್ಲಿರೋ ನಮ್ಮ ತಂಗಿ ಮಗ, ಸಮುದ್ರದಲ್ಲಿ ಮುಳುಗೋರು ಕಟ್ಟೋ ಹಳೇ ವಾಚು ಕೊಳ್ಳಬೇಕು ಅಂತ ಹುಚ್ಚು ಹಿಡಿಸ್ಕೊಂಡು, ಫೋಟೋ ನೋಡಿ ಸಾವಿರಗಟ್ಟಲೆ ಕೊಟ್ಟು ತರಿಸಿದ. ಬಂದಿದ್ದು ಹಳೇ ಮಿಷಿನಿಗೆ ಹೊಸ ಬಣ್ಣ ಬಳಿದ ವಾಚು. ನಮ್ಮ ತೀತಾ ಡ್ಯಾಮಲ್ಲಿ ಈಜೋದಕ್ಕೇ ಅವನು ಹೆದರ್ತಾನೆ, ಸಮುದ್ರದ ವಾಚು ಯಾಕಪ್ಪಾ ಅಂತ ನಾವೆಲ್ಲ ನಕ್ವಿ. ನಕ್ಕಿದ್ದು ಸರಿ, ಆದ್ರೆ ದುಡ್ಡು ಹೋಗಿದ್ದು ನಿಜ ತಾನೇ?

ಒಂದು ಕಡೆ ಅಸಲಿ ವಾಚು ಕಾಸಿಗೆ ಹೋಗ್ತಾ ಐತೆ, ಇನ್ನೊಂದು ಕಡೆ ನಕಲಿ ವಾಚು ಸಾವಿರಕ್ಕೆ ಬರ್ತಾ ಐತೆ. ಎರಡೂ ಕಡೆ ನಷ್ಟ ನಮ್ಮ ಮನೆಯೋರಿಗೇ. ಹಂಗಾಗಿ ಈ ವಾಚುಗಳ ಚರಿತ್ರೆ ಏನು, ಕೊಳ್ಳುವಾಗ ಏನು ನೋಡ್ಬೇಕು ಅಂತ ತಿಳ್ಕೊಂಡು ಬರೀತಿದೀನಿ. ಚರಿತ್ರೆ ಗೊತ್ತಾದ್ರೆ ಏನು ನೋಡ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಸ್ವಾತಂತ್ರ್ಯ ಬಂದ ಹೊಸದ್ರಲ್ಲಿ ವಾಚು ಅಂದ್ರೆ ಫಾರಿನ್ನೇ. ವೆಸ್ಟ್ ಎಂಡ್, ಫಾವ್ರ್ ಲ್ಯೂಬಾ ಇಂಥ ಸ್ವಿಸ್ ಕಂಪನಿಗಳ ಹೆಸರು ನಮ್ಮ ಅಜ್ಜಂದಿರ ಕಾಲದ ಸಾಹುಕಾರರಿಗೆ, ಅಮಲ್ದಾರರಿಗೆ, ರೈಲ್ವೆಯೋರಿಗೆ ಗೊತ್ತಿತ್ತು. ಫಾವ್ರ್ ಲ್ಯೂಬಾ 1865ರಲ್ಲೇ ನಮ್ಮ ದೇಶಕ್ಕೆ ವ್ಯಾಪಾರಕ್ಕೆ ಬಂದ ಕಂಪನಿ. ಬಡವರ ಕೈಗೆ ಅವು ಸಿಗೋ ಮಾತಲ್ಲ. ಆಮೇಲೆ ಸರ್ಕಾರ ಹೊರದೇಶದಿಂದ ಸಾಮಾನು ತರೋದನ್ನ ಬಿಗಿ ಮಾಡಿದ ಮೇಲಂತೂ ಕಳ್ಳಸಾಗಣೆಯಲ್ಲಿ ಬರೋ ಸಾಮಾನುಗಳಲ್ಲಿ ಚಿನ್ನದ ಜೊತೆಗೆ ವಾಚೂ ಸೇರ್ಕೊಂಡ್ತು.

ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಅಂತ ಸರ್ಕಾರಿ ಕಾರ್ಖಾನೆ ಶುರುವಾಯಿತು. ಅದೇ ನಮ್ಮ ಎಚ್‌ಎಂಟಿ. ಮೊದಲು ಅವರು ಮಾಡ್ತಿದ್ದಿದ್ದು ಯಂತ್ರ ಮಾಡೋ ಯಂತ್ರಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಅಲ್ಲೇ ವಾಚು ಕಾರ್ಖಾನೆ ತೆಗೆದ್ರು. ಮೊದಮೊದಲು ತಯಾರಾದ ಕೀ ಕೊಡೋ ಕೈಗಡಿಯಾರಗಳನ್ನ ಬಿಡುಗಡೆ ಮಾಡಿದ್ದು ಜವಾಹರಲಾಲ್ ನೆಹರೂ. ಆಮೇಲೆ ಶ್ರೀನಗರದಲ್ಲಿ, ನೈನಿತಾಲ್ ಕಡೆ ರಾಣಿಬಾಗಿನಲ್ಲಿ, ಮತ್ತೆ ನಮ್ಮ ತುಮಕೂರಿನಲ್ಲಿ ಕಾರ್ಖಾನೆಗಳು ಬಂದ್ವು. ತುಮಕೂರಿಗೆ ಬಂದಿದ್ದು 1970ರ ದಶಕದ ಕೊನೆಯಲ್ಲಿ. ನಮ್ಮ ಜಿಲ್ಲೆಯ ಹುಡುಗರಿಗೆ ಎಚ್‌ಎಂಟಿಯಲ್ಲಿ ಕೆಲಸ ಅಂದ್ರೆ ಹೆಣ್ಣು ಕೊಡೋರು ಸಾಲು ನಿಲ್ತಿದ್ರು.

ಇಲ್ಲಿ ನಾವು ಹೆಂಗಸರು ನೆನಪಿಡಬೇಕಾದ್ದು ಒಂದೈತೆ. ವಾಚಿನ ಬಿಡಿಭಾಗಗಳನ್ನ ಜೋಡಿಸೋ ಕೆಲಸಕ್ಕೆ ಎಚ್‌ಎಂಟಿಯಲ್ಲಿ ಬಹಳ ಜನ ಹೆಣ್ಣುಮಕ್ಕಳಿದ್ರು. ಸಾಸಿವೆ ಕಾಳಿಗಿಂತ ಸಣ್ಣ ತಿರುಪು, ಕೂದಲೆಳೆಯಂಥ ಸ್ಪ್ರಿಂಗು. ಅದನ್ನ ಚಿಮಟದಲ್ಲಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಇಟ್ಕೊಂಡು ಕೂರಿಸ್ಬೇಕು. ಹೆಣ್ಣಿಗೆ ವಾಚು ಕೊಡದ ಕಾಲದಲ್ಲಿ ಗಂಡಿನ ವಾಚನ್ನ ಜೋಡಿಸಿದ ಕೈಗಳಲ್ಲಿ ಹೆಣ್ಣಿನ ಕೈಗಳೂ ಇದ್ವು.

ಹೆಸರುಗಳೂ ಹೆಂಗಿದ್ವು ನೋಡಿ. ಜನತಾ, ಜವಾನ್, ಪೈಲಟ್, ಕೊಹಿನೂರ್, ಸೋನಾ, ಕಾಂಚನ್, ರಜತ್. ಹೆಂಗಸರಿಗೆ ಸುಜಾತಾ. ಜನತಾ ಅನ್ನೋದು ಹೆಸರಿಗೆ ತಕ್ಕಂಗೆ ಸಾಮಾನ್ಯರ ವಾಚು. ಮೇಷ್ಟ್ರು, ಗುಮಾಸ್ತರು, ಕಂಡಕ್ಟರು ಎಲ್ಲರ ಕೈಯಲ್ಲೂ ಅದೇ. ಪೈಲಟ್‌ಗೆ ಕಪ್ಪು ಮುಖ. ಸೋನಾ ತೆಳ್ಳಗೆ. ಕಾಂಚನ್ ಚಿನ್ನದ ಬಣ್ಣದ ಆಟೊಮ್ಯಾಟಿಕ್, ಅಂದ್ರೆ ಕೀ ಕೊಡೋ ಹಂಗಿಲ್ಲ, ಕೈ ಆಡಿದಂಗೆ ಒಳಗಿರೋ ಅರ್ಧಚಂದ್ರದ ತೂಕ ತಿರುಗಿ ತಾನೇ ಸ್ಪ್ರಿಂಗ್ ಸುತ್ಕೊಳ್ಳುತ್ತೆ. ಮದುವೆಯಲ್ಲಿ ಕಾಂಚನ್ನೇ ಬೇಕು ಅಂತ ಹಟ ಹಿಡಿದ ಅಳಿಯಂದಿರ ಕಥೆ ನಿಮ್ಮ ಮನೆಗಳಲ್ಲೂ ಇರ್ಬೇಕು. ಕಣ್ಣು ಕಾಣದವರಿಗೆ ಗಾಜು ತೆಗೆದು ಮುಳ್ಳು ಮುಟ್ಟಿ ನೋಡೋ ಬ್ರೈಲ್ ವಾಚೂ ಎಚ್‌ಎಂಟಿಯೋರೇ ಮಾಡಿದ್ರು. ಲಾಲ್‌ಬಾಗಿಗೆ ಹೋದವರೆಲ್ಲ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋ ಹೂವಿನ ಗಡಿಯಾರವೂ ಅವರದ್ದೇ.

ಮತ್ತೆ ಹೆಂಗೆ ಮುಳುಗಿತು? ಕ್ವಾರ್ಟ್ಜ್ ಬಂತು. ಜಪಾನಿನ ಸೀಕೋದವರು 1969ರಲ್ಲಿ ಬ್ಯಾಟರಿ ಹಾಕಿ ಓಡೋ ಕ್ವಾರ್ಟ್ಜ್ ಕೈಗಡಿಯಾರ ತಂದ್ರು. ಅದರೊಳಗಿನ ಹರಳಿನ ತುಂಡು ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಅದುರುತ್ತೆ. ನಮ್ಮ ಜನತಾದ ಒಳಗಿನ ಚಕ್ರ ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತೆ. ಸರಿಯಾದ ಟೈಮು ತೋರ್ಸೋದ್ರಲ್ಲಿ ಯಾವುದು ಗೆಲ್ಲುತ್ತೆ ಅಂತ ಹೇಳೋದೇ ಬೇಡ. 1984ರಲ್ಲಿ ಟೈಟಾನ್ ಕಂಪನಿ ಶುರುವಾಯಿತು. ಪಕ್ಕದ ಹೊಸೂರಿನ ಕಾರ್ಖಾನೆಯಿಂದ ಚೆಂದ ಚೆಂದದ ಕ್ವಾರ್ಟ್ಜ್ ವಾಚುಗಳು ಬಂದ್ವು, ಅವುಗಳಿಗೆ ಅಂತಾನೇ ಕನ್ನಡಿ ಹಾಕಿದ ಅಂಗಡಿಗಳು ಬಂದ್ವು. ಎಚ್‌ಎಂಟಿಯೋರೂ ಕ್ವಾರ್ಟ್ಜ್ ಮಾಡಿದ್ರು, ಆದ್ರೆ ಜನದ ಮನಸ್ಸು ಆ ಕಡೆ ವಾಲಿತ್ತು. ನಷ್ಟದ ಮೇಲೆ ನಷ್ಟ ಆಗಿ, 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಡ್ತು. ತುಮಕೂರಿನ ಕಾರ್ಖಾನೆ ಜಾಗ ಆಮೇಲೆ ಇಸ್ರೋಗೆ ಹೋಯಿತು. ವಾಚು ಮಾಡ್ತಿದ್ದ ನೆಲದಲ್ಲಿ ಇನ್ನು ಮೇಲೆ ರಾಕೆಟ್ಟಿನ ಕೆಲಸ.

ಮುಚ್ಚುತ್ತೆ ಅಂತ ಸುದ್ದಿ ಬಂದದ್ದೇ ತಡ, ಜನ ಮುಗಿಬಿದ್ದು ಕೊಂಡ್ರು. ಅಲ್ಲೀತನಕ ಟ್ರಂಕಿನಲ್ಲಿ ಬಿದ್ದಿದ್ದಕ್ಕೆ ಒಂದೇ ಸಲ ಬೆಲೆ ಬಂತು. ಬೆಲೆ ಬಂದ ಕಡೆ ಮೋಸವೂ ಬರುತ್ತೆ.

ಇನ್ನು ನೀರಿನ ವಾಚಿನ ಕಥೆ. ನೀರು ಹೋಗದ ವಾಚನ್ನ ಲೋಕಕ್ಕೆ ತೋರ್ಸಿದ್ದು ಒಬ್ಬ ಹೆಂಗಸು ಅಂತ ಓದಿ ನನಗೆ ಬಹಳ ಖುಷಿಯಾಯಿತು. ಮರ್ಸಿಡಿಸ್ ಗ್ಲೈಟ್ಜ್ ಅಂತ, ಲಂಡನ್ನಿನಲ್ಲಿ ಟೈಪಿಸ್ಟ್ ಆಗಿದ್ದೋಳು. 1927ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ಈಜಿದ ಮೊದಲ ಬ್ರಿಟಿಷ್ ಮಹಿಳೆ. ಈಜಿದ್ದು ಸುಳ್ಳು ಅಂತ ಕೆಲವರು ಅನುಮಾನ ಪಟ್ಟಿದ್ದಕ್ಕೆ ಅದೇ ತಿಂಗಳು ಮತ್ತೆ ನೀರಿಗೆ ಇಳಿದ್ಳು. ಆ ಸಲ ಕೊರಳಿಗೆ ರೋಲೆಕ್ಸ್ ಆಯ್‌ಸ್ಟರ್ ವಾಚು ಕಟ್ಕೊಂಡಿದ್ಳು. ಕೊರೆಯೋ ನೀರು. ಹತ್ತು ಗಂಟೆ ಈಜಿ, ಮೈ ಸೋತು, ದೋಣಿಯವರು ಎತ್ಕೋಬೇಕಾಯಿತು. ಅವಳು ಸೋತ್ರೂ ವಾಚು ಓಡ್ತಾನೇ ಇತ್ತು. ಕಂಪನಿಯವರು ಅದನ್ನೇ ಪತ್ರಿಕೆಯಲ್ಲಿ ದೊಡ್ಡದಾಗಿ ಜಾಹೀರಾತು ಹಾಕಿದ್ರು.

ಮುಳುಗೋರಿಗೆ ಅಂತಾನೇ ಮಾಡಿದ ಈಗಿನ ಥರದ ವಾಚು ಬಂದಿದ್ದು 1953ರಲ್ಲಿ. ಬ್ಲಾಂಪೇನ್ ಕಂಪನಿಯ ‘ಫಿಫ್ಟಿ ಫ್ಯಾಥಮ್ಸ್’. ಫ್ಯಾಥಮ್ ಅಂದ್ರೆ ಬೇರೆ ಏನೂ ಅಲ್ಲ, ನಮ್ಮ ಮಾರು. ಎರಡು ಕೈ ಚಾಚಿದಷ್ಟು, ಆರಡಿ. ನಮ್ಮ ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿ ಮುಂದೆ ಹೂವಿನೋರು ಅಳೀತಾರಲ್ಲ, ಹಂಗೆ ಐವತ್ತು ಮಾರು ಆಳ. ಆ ವಾಚಿನ ಗಾಜಿನ ಸುತ್ತ ತಿರುಗೋ ಒಂದು ಬಳೆ ಇರುತ್ತೆ. ಬೆನ್ನ ಮೇಲೆ ಕಟ್ಟಿಕೊಂಡ ಗಾಳಿ ಎಷ್ಟು ಹೊತ್ತು ಬರುತ್ತೆ ಅಂತ ಲೆಕ್ಕ ಇಡೋಕೆ. ನೀರಿಗೆ ಇಳಿಯುವಾಗ ಬಳೆಯ ಗುರುತನ್ನ ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ರೆ, ಆಮೇಲೆ ಎಷ್ಟು ನಿಮಿಷ ಆಯಿತು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ನಾವು ಇಡ್ಲಿ ಪಾತ್ರೆ ಒಲೆ ಮೇಲಿಟ್ಟು ಹತ್ತು ನಿಮಿಷ ಎಣಿಸೋ ಲೆಕ್ಕವೇ. ನಮ್ಮದು ತಪ್ಪಿದ್ರೆ ಇಡ್ಲಿ ಗಟ್ಟಿ, ಅವರದು ತಪ್ಪಿದ್ರೆ ಪ್ರಾಣ. ಅದಕ್ಕೇ ಆ ಬಳೆ ಒಂದೇ ಕಡೆಗೆ ತಿರುಗೋ ಹಂಗೆ ಆಮೇಲೆ ಮಾಡಿದ್ರು. ಅಕಸ್ಮಾತ್ ತಗುಲಿ ಜರುಗಿದ್ರೂ ಉಳಿದ ಗಾಳಿ ಕಮ್ಮಿ ಅಂತ ತೋರ್ಸುತ್ತೇ ಹೊರತು ಜಾಸ್ತಿ ಅಂತ ತೋರ್ಸಲ್ಲ. ಫಾವ್ರ್ ಲ್ಯೂಬಾದವರು 1968ರಲ್ಲಿ ‘ಬ್ಯಾತಿ’ ಅಂತ ಎಷ್ಟು ಆಳಕ್ಕೆ ಹೋಗಿದೀವಿ ಅಂತ ಮುಳ್ಳಲ್ಲೇ ತೋರ್ಸೋ ವಾಚು ಮಾಡಿದ್ರು. ಎಚ್‌ಎಂಟಿಯ ಜನತಾ, ಪೈಲಟ್, ಸೋನಾ ಇವ್ಯಾವೂ ನೀರಿಗೆ ಇಳಿಯೋಕೆ ಮಾಡಿದ್ದಲ್ಲ. ಅವನ್ನ ಕಟ್ಕೊಂಡು ಪಾತ್ರೆ ತೊಳೆಯೋದೂ ಬೇಡ.

ಈಗ ಕೊಳ್ಳುವಾಗ ಏನೇನು ನೋಡ್ಬೇಕು ಅಂತ ಒಂದೊಂದಾಗಿ ಹೇಳ್ತೀನಿ. ಎಚ್‌ಎಂಟಿ ಆಗ್ಲಿ, ನಮ್ಮ ತಂಗಿ ಮಗನ ಸಮುದ್ರದ ವಾಚಾಗ್ಲಿ, ಬಹಳಷ್ಟು ಒಂದೇ.

ಮೊದಲು ಮುಖ ನೋಡಿ, ಅಂದ್ರೆ ಡಯಲ್ಲು. ಹೆಚ್ಚು ಮೋಸ ನಡಿಯೋದು ಇಲ್ಲೇ. ನಲವತ್ತು ಐವತ್ತು ವರ್ಷ ಆದ ಡಯಲ್ಲಿಗೆ ಬೆವರು, ತೇವ ತಗುಲಿ ಕಲೆ ಬಿದ್ದಿರುತ್ತೆ. ಅದನ್ನ ಕೆರೆದು ಹೊಸ ಬಣ್ಣ ಬಳಿದು, ಹೆಸರು ಅಚ್ಚು ಹಾಕಿ ಮಾರ್ತಾರೆ. ನವಿಲು ನೀಲಿ, ಗಿಳಿ ಹಸಿರು, ಕೇಸರಿ ಮುಖದ ಪೈಲಟ್ ಹೊಳಹೊಳ ಅಂತ ಇದ್ರೆ ಅನುಮಾನ ಪಡಿ. ಭೂತಗನ್ನಡಿ ಇಲ್ಲಾಂದ್ರೆ ಮೊಬೈಲಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಕಾರ್ಖಾನೆಯ ಅಚ್ಚು ಸಣ್ಣಗೆ, ಚೂಪಾಗಿ, ಸಾಲು ತಪ್ಪದೆ ಇರುತ್ತೆ. ಬಳಿದಿದ್ದು ದಪ್ಪಗೆ ಹರಡಿಕೊಂಡಿರುತ್ತೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿರಲ್ಲ. ಬರಹ ಒಂದು ಕಡೆಗೆ ವಾಲಿರುತ್ತೆ. ರಂಗೋಲಿ ಹಾಕೋ ಕೈ ನಮ್ಮದು, ಎಳೆ ಸೊಟ್ಟಗಿರೋದು ನಮಗೆ ಗೊತ್ತಾಗ್ದೆ ಇರುತ್ತಾ? ಮುಖದ ಮೇಲೆ ಒಂದಿಷ್ಟು ಹಳದಿ, ಒಂದೆರಡು ಕಲೆ ಇದ್ರೆ ಅದು ವಾಚಿನ ವಯಸ್ಸು. ಅದಕ್ಕೆ ಹೆದರಬೇಡಿ.

ಎರಡನೇದು ಒಳಗಿನ ಮಿಷಿನು. ಹಿಂದಿನ ಮುಚ್ಚಳ ತೆಗೆಸಿ ನೋಡದೆ ಸಾವಿರ ರೂಪಾಯಿಗಿಂತ ಹೆಚ್ಚಿನ ಹಳೇ ವಾಚು ಕೊಳ್ಳಲೇಬಾರದು ಅನ್ನೋದು ನನ್ನ ಲೆಕ್ಕ. ಫೋಟೋದಲ್ಲಿ ಕೊಳ್ಳೋದಾದ್ರೆ ಮಿಷಿನಿನ ಫೋಟೋ ಕೇಳಿ, ಕಳಿಸಲ್ಲ ಅಂದ್ರೆ ಬಿಟ್ಟುಬಿಡಿ. ಕೀ ಕೊಡೋ ಜನತಾ, ಪೈಲಟ್, ಜವಾನ್‌ಗಳಲ್ಲಿ ಸಾಮಾನ್ಯವಾಗಿ ಇರೋದು 0231 ಅನ್ನೋ ಮಿಷಿನು. ಸಿಟಿಜನ್‌ನವರ ಮಾದರಿಯ ಮೇಲೆ ಮಾಡಿದ್ದು. ಒಳಗೆ ಎಚ್‌ಎಂಟಿ ಹೆಸರು, 17 ಜ್ಯುವೆಲ್ಸ್ ಅಂತ ಕೊರೆದಿರುತ್ತೆ. ಹೊರಗೆ ಒಂದು ಹೆಸರು, ಒಳಗೆ ಇನ್ನೊಂದು ಕಂಪನಿ ಹೆಸರು ಇದ್ರೆ ಅದು ಅಲ್ಲಿಂದ ಇಲ್ಲಿಂದ ತಂದು ಜೋಡಿಸಿದ್ದು. ತುಕ್ಕು, ಹಸಿರು ಕಿಲುಬು, ತಲೆ ತಿಂದುಹೋದ ತಿರುಪುಗಳು ಕಂಡ್ರೆ ನೀರು ಕುಡಿದ ವಾಚು, ಬರದವರ ಕೈಗೆ ಸಿಕ್ಕ ವಾಚು ಅಂತ ತಿಳಿರಿ.

ಈ 17 ಜ್ಯುವೆಲ್ಸ್ ಬಗ್ಗೆಯೂ ಒಂದು ಮಾತು. ಒಳಗೆ ಹದಿನೇಳು ಮಾಣಿಕ್ಯ ಐತೆ ಕಣಮ್ಮ ಅಂತ ಬೆಲೆ ಏರಿಸೋರೂ ಅವ್ರೆ. ಅವು ಕಾರ್ಖಾನೆಯಲ್ಲಿ ಮಾಡಿದ ಕೆಂಪು ಕಲ್ಲುಗಳು. ಚಕ್ರದ ಅಚ್ಚು ಸವೆಯದೆ ತಿರುಗಲಿ ಅಂತ ಅದರ ತುದಿಗೆ ಕೂರಿಸಿರ್ತಾರೆ. ಬೀಸೋ ಕಲ್ಲಿಗೆ ಗೂಟ ಇದ್ದಂಗೆ. ಓಲೆಗೆ ಹಾಕ್ಸೋ ಕಲ್ಲಲ್ಲ. ಡಯಲ್ಲಿನ ಮೇಲೆ ಪ್ಯಾರಾಶಾಕ್ ಅಂತ ಇರೋದು ಸಿಟಿಜನ್‌ನವರ ಪದ. ವಾಚು ಕೆಳಗೆ ಬಿದ್ರೆ ಒಳಗಿನ ಬ್ಯಾಲೆನ್ಸ್ ಚಕ್ರದ ಸೂಜಿಯಂಥ ಅಚ್ಚು ಮುರೀದೆ ಇರಲಿ ಅಂತ ಅದರ ಕಲ್ಲನ್ನ ಸ್ಪ್ರಿಂಗ್ ಮೇಲೆ ಕೂರಿಸಿದ್ದಾರೆ.

ಮೂರನೇದು ಕೀ. ಕೀ ಕೊಟ್ಟು ನೋಡಿ. ಬೆರಳಿಗೆ ಒಂದೇ ಸಮನಾದ ಕಿರ್ ಕಿರ್ ಸಿಗ್ಬೇಕು, ಕೊನೆಗೆ ಗಟ್ಟಿಯಾಗಿ ನಿಲ್ಬೇಕು. ಎಷ್ಟು ತಿರುಗಿಸಿದ್ರೂ ನಿಲ್ಲದಿದ್ರೆ ಸ್ಪ್ರಿಂಗ್ ತುಂಡಾಗಿರ್ಬೋದು. (ಆಟೊಮ್ಯಾಟಿಕ್‌ಗೆ ಈ ಮಾತು ಅನ್ವಯಿಸಲ್ಲ, ಅದು ಜಾರೋ ಹಂಗೇ ಮಾಡಿರ್ತಾರೆ.) ಕೀ ಎಳೆದು ಮುಳ್ಳು ತಿರುಗಿಸಿ, ಒಂದಕ್ಕೊಂದು ತಗುಲಬಾರದು. ತಾರೀಕು ಇದ್ರೆ ಹನ್ನೆರಡರ ಹೊತ್ತಿಗೆ ಬದಲಾಗುತ್ತಾ ನೋಡಿ. ಆದ್ರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಮುಳ್ಳಿದ್ದಾಗ ತಾರೀಕನ್ನ ಬಲವಂತವಾಗಿ ತಿರುಗಿಸಬೇಡಿ, ಆಗ ಒಳಗೆ ಹಲ್ಲು ಕಚ್ಚಿಕೊಂಡಿರುತ್ತೆ. ಸಮುದ್ರದ ವಾಚುಗಳಲ್ಲಿ ಕೀ ತಿರುಪಿನ ಥರ ಬಿಗಿಯಾಗಿ ಕೂರೋದು ಬಹಳ. ಆ ಮರೆ ಸವೆದಿದ್ರೆ ನೀರು ಅಲ್ಲಿಂದಲೇ ಒಳಗೆ.

ನಾಲ್ಕನೇದು ಕಿವಿ. ಮಗು ಎದೆ ಬಡಿತ ಕೇಳೋ ಹಂಗೆ ಕಿವಿಗಿಟ್ಟು ಕೇಳಿ. ಟಿಕ್ ಟಿಕ್ ಅನ್ನೋದು ಚುರುಕಾಗಿ ಒಂದೇ ಅಳತೆಯಲ್ಲಿ ಇರ್ಬೇಕು. ಮುಖ ಮೇಲೆ ಮಾಡಿ ಒಂದು ಸಲ, ಕೆಳಗೆ ಮಾಡಿ ಒಂದು ಸಲ, ಅಡ್ಡ ನಿಲ್ಲಿಸಿ ಒಂದು ಸಲ. ಒಂದು ಭಂಗಿಯಲ್ಲಿ ನಿಂತುಹೋದ್ರೆ ಅಥವಾ ಕುಂಟಿದ್ರೆ ರಿಪೇರಿ ಐತೆ ಅಂತ ಅರ್ಥ. ಆಗುವುದಾದ್ರೆ ಒಂದು ದಿನ ಇಟ್ಕೊಂಡು ನೋಡಿ. ಪೂರ್ತಿ ಕೀ ಕೊಟ್ರೆ ಸುಮಾರು ಒಂದೂವರೆ ದಿನ ಓಡ್ಬೇಕು. ದಿನಕ್ಕೆ ಒಂದರ್ಧ ನಿಮಿಷ ಹಿಂದೆ ಮುಂದೆ ಆದ್ರೆ ಆ ವಯಸ್ಸಿಗೆ ಅದು ತಪ್ಪಲ್ಲ. ಇದ್ದಕ್ಕಿದ್ದಂಗೆ ದಿನಕ್ಕೆ ಐದು ಹತ್ತು ನಿಮಿಷ ಮುಂದೆ ಓಡಿದ್ರೆ ಅಯಸ್ಕಾಂತ ಹಿಡಿದಿರ್ಬೋದು, ಅದನ್ನ ವಾಚ್ ರಿಪೇರಿಯವರು ಐದು ನಿಮಿಷದಲ್ಲಿ ತೆಗೀತಾರೆ. ಫ್ರಿಜ್ಜಿನ ಬಾಗಿಲು, ಮೊಬೈಲಿನ ಸ್ಪೀಕರ್, ಅಯಸ್ಕಾಂತ ಇರೋ ಪರ್ಸು ಇವುಗಳ ಹತ್ರ ಇಡಬೇಡಿ.

ಐದನೇದು ಗಾಜು ಮತ್ತು ಮೈ. ಹಳೇ ಎಚ್‌ಎಂಟಿಗಳಲ್ಲಿ ಹೆಚ್ಚಾಗಿ ಇರೋದು ಅಕ್ರಿಲಿಕ್ಕು. ಗೀರಿದ್ರೆ ಬಟ್ಟೆಗೆ ಒಂಚೂರು ಟೂತ್‌ಪೇಸ್ಟ್ ಹಚ್ಚಿ ಮೆಲ್ಲಗೆ ಉಜ್ಜಿದ್ರೆ ಹೋಗುತ್ತೆ. ಬಿರುಕಿದ್ರೆ ಮಾತ್ರ ಬದಲಾಯಿಸ್ಬೇಕು. ಚಿನ್ನದ ಬಣ್ಣದವು ಬರೀ ಲೇಪ. ಬೆಲ್ಟು ಸಿಕ್ಕಿಸೋ ಕೊಂಬುಗಳ ಮೂಲೆಯಲ್ಲಿ ಹಿತ್ತಾಳೆ ಕಾಣ್ತಾ ಐತಾ ನೋಡಿ. ಸಮುದ್ರದ ವಾಚಿನಲ್ಲಿ ಮೂಲೆಗಳು ಸಾಬೂನಿನ ಬಿಲ್ಲೆ ಥರ ದುಂಡಗಾಗಿದ್ರೆ ಬಹಳ ಸಲ ಪಾಲಿಷ್ ಹಾಕಿ ಮೈ ಸವೆಸಿದಾರೆ ಅಂತ ಲೆಕ್ಕ. ತಿರುಗೋ ಬಳೆ ಲಟಲಟ ಅನ್ನಬಾರದು, ಗಟ್ಟಿಯಾಗಿ ಕೂತೂ ಇರಬಾರದು.

ಆರನೇದು ನೀರು. ಮುಚ್ಚಳದ ಸುತ್ತ, ಕೀ ಸುತ್ತ ರಬ್ಬರ್ ವಾಷರ್ ಇರುತ್ತೆ. ಕುಕ್ಕರ್ ಗ್ಯಾಸ್ಕೆಟ್ ವರ್ಷ ಎರಡು ವರ್ಷಕ್ಕೆ ಗಟ್ಟಿಯಾಗಿ ಆವಿ ಬಿಡುತ್ತಲ್ಲ, ಇದೂ ಹಂಗೇ. ನಲವತ್ತು ವರ್ಷದ ರಬ್ಬರನ್ನ ನಂಬಿ ನೀರಿಗೆ ಇಳಿಯೋದು ಬುದ್ಧಿವಂತಿಕೆ ಅಲ್ಲ. ಹಿಂದೆ 200 ಮೀಟರ್ ಅಂತ ಬರೆದಿದ್ರೂ ಅದು ಹೊಸದಾಗಿದ್ದಾಗಿನ ಮಾತು. ಹತ್ತು ಮೀಟರ್ ಆಳಕ್ಕೆ ಹೋದ್ರೇ ನೀರಿನ ಒತ್ತಡ ಸೇರಿ ವಾಚಿನ ಮೇಲಿನ ಭಾರ ಎರಡರಷ್ಟಾಗುತ್ತೆ. ವಾಷರ್ ಬದಲಾಯಿಸಿ, ಒತ್ತಡದ ಪರೀಕ್ಷೆ ಮಾಡಿಸಿದ ಮೇಲೆಯೇ ನೀರು. ಒಳಗೆ ತೇವ ಐತಾ ಅಂತ ತಿಳಿಯೋಕೆ ಒಂದು ಸುಲಭದ ಉಪಾಯ: ವಾಚನ್ನ ಅಂಗೈ ಬಿಸಿಗೆ ಚೆನ್ನಾಗಿ ಬೆಚ್ಚಗೆ ಮಾಡಿ, ಗಾಜಿನ ಮೇಲೆ ಒಂದು ತೊಟ್ಟು ತಣ್ಣೀರು ಹಾಕಿ. ಒಂದು ನಿಮಿಷ ಬಿಟ್ಟು ಒರೆಸಿದಾಗ ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ರೆ ತೇವ ಐತೆ. ಅದನ್ನ ತಗೋಬೇಡಿ.

ಏಳನೇದು ಕತ್ತಲಲ್ಲಿ ಹೊಳೆಯೋ ಬಣ್ಣ. ಇದನ್ನ ಮಕ್ಕಳಿರೋ ಮನೆಯವರು ಗಮನವಿಟ್ಟು ಓದಿ. ಹಿಂದಿನ ಕಾಲದ ಬಹಳ ವಿದೇಶೀ ವಾಚುಗಳಲ್ಲಿ ಮುಳ್ಳು, ಅಂಕಿಗಳಿಗೆ ಬಳಿದಿದ್ದು ರೇಡಿಯಂ. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಅದನ್ನ ಬಳಿಯೋಕೆ ಕೂತಿದ್ದೋರು ಎಳೇ ಹುಡುಗೀರು. ಕುಂಚದ ತುದಿ ಚೂಪಾಗಲಿ ಅಂತ ತುಟಿಯಲ್ಲಿ ಒದ್ದೆ ಮಾಡ್ಕೊಳ್ಳೋಕೆ ಅವರಿಗೆ ಹೇಳಿಕೊಟ್ಟಿದ್ರು. ಏನೂ ಆಗಲ್ಲ ಅಂತ ನಂಬಿಸಿದ್ರು. ದವಡೆ ಕೊಳೆತು, ಮೂಳೆ ಮುರಿದು ಎಷ್ಟೋ ಜನ ಸತ್ರು. ಐದು ಜನ ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ, 1928ರಲ್ಲಿ ಕಂಪನಿ ಪರಿಹಾರಕ್ಕೆ ಒಪ್ಪಬೇಕಾಯಿತು. ರೇಡಿಯಂ ಬಣ್ಣದ ಹೊಳಪು ಕೆಲವು ವರ್ಷಕ್ಕೆ ಸಾಯುತ್ತೆ, ಆದ್ರೆ ವಿಷ ಸಾಯಲ್ಲ. ಅದು ಅರ್ಧ ಆಗೋಕೇ 1600 ವರ್ಷ ಬೇಕು. ಹಂಗಾಗಿ 1960ಕ್ಕೂ ಹಿಂದಿನ ಫಾರಿನ್ ವಾಚಿನಲ್ಲಿ ಮುಳ್ಳಿನ ಮೇಲೆ ಕಂದು ಬಣ್ಣದ ಪುಡಿಪುಡಿ ಕಂಡ್ರೆ ಮನೆಯಲ್ಲಿ ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಆಮೇಲೆ ಬಂದ ಟ್ರಿಟಿಯಂ ಇಷ್ಟು ಕೆಟ್ಟದ್ದಲ್ಲ, ಸುಮಾರು ಹನ್ನೆರಡು ವರ್ಷಕ್ಕೆ ಅರ್ಧ ಆಗುತ್ತೆ. ಇನ್ನೊಂದು ಗುರುತು: ಮುಳ್ಳಿನ ಬಣ್ಣವೂ ಡಯಲ್ಲಿನ ಚುಕ್ಕೆಗಳ ಬಣ್ಣವೂ ಒಂದೇ ಥರ ಮಾಸಿರಬೇಕು. ಒಂದು ಹಾಲುಬಿಳಿ, ಇನ್ನೊಂದು ಬೆಲ್ಲದ ಬಣ್ಣ ಇದ್ರೆ ಒಂದನ್ನ ಬದಲಾಯಿಸಿದಾರೆ.

ಹೆಂಗಸರ ಹಳೇ ವಾಚು ಕೊಳ್ಳೋರು ಇದನ್ನೂ ಯೋಚಿಸಿ. ಸುಜಾತಾದಂಥವುಗಳ ಮಿಷಿನು ಬಹಳ ಸಣ್ಣದು. ಬಿಡಿಭಾಗ ಸಿಗೋದು ಕಷ್ಟ, ರಿಪೇರಿ ಮಾಡೋ ಹಳಬರೂ ಕಮ್ಮಿಯಾಗ್ತಾ ಅವ್ರೆ. ಓಡ್ತಿರೋದನ್ನೇ ತಗೊಳ್ಳಿ, ಆಮೇಲೆ ಮಾಡಿಸ್ಕೊಂಡ್ರಾಯಿತು ಅಂತ ನಿಂತಿದ್ದು ತಗೋಬೇಡಿ. ಗಂಡಸರ ಜನತಾ ಆದ್ರೆ ಆ ಚಿಂತೆ ಕಮ್ಮಿ. ಎಚ್‌ಎಂಟಿ ಕಾರ್ಖಾನೆಗಳಿಂದ ಎಲ್ಲಾ ಸೇರಿ ಹತ್ತು ಕೋಟಿಗೂ ಮೀರಿ ವಾಚು ಹೊರಗೆ ಬಂದವೆ, ಒಂದರ ಭಾಗ ಇನ್ನೊಂದಕ್ಕೆ ಸಿಗುತ್ತೆ. ಇದೇ ಕಾರಣಕ್ಕೆ ‘ಬಹಳ ಅಪರೂಪದ್ದು’ ಅಂತ ಯಾರಾದ್ರೂ ಜನತಾಗೆ ಹತ್ತು ಸಾವಿರ ಕೇಳಿದ್ರೆ ನಕ್ಕು ಮುಂದೆ ಹೋಗಿ. ಚೀಟಿ ಬರೆಸ್ಕೊಳ್ಳಿ, ವಾರದೊಳಗೆ ನಿಂತ್ರೆ ವಾಪಸ್ ತಗೋತೀರಾ ಅಂತ ಬಾಯಿಬಿಟ್ಟು ಕೇಳಿ. ತೊಳೆದು ಎಣ್ಣೆ ಹಾಕಿಸೋ ಖರ್ಚನ್ನ ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಿ. ಬೆಂಗಳೂರಿಗೆ ಹೋದಾಗ ಬಿಡುವಿದ್ರೆ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ ನೋಡ್ಕೊಂಡು ಬನ್ನಿ. ಅಸಲಿ ಮುಖ ಹೆಂಗಿರುತ್ತೆ ಅಂತ ಕಣ್ಣಿಗೆ ಪಳಗಿದ್ರೆ ನಕಲಿ ತಾನೇ ಎದ್ದು ಕಾಣುತ್ತೆ.

ಇನ್ನು ಮಾರೋ ಮಾತು. ಮನೆ ಬಾಗಿಲಿಗೆ ಬಂದು ಹಳೇ ವಾಚು ಐತಾ ಅಮ್ಮ ಅಂತ ಕೇಳೋರಿಗೆ ಅದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಓಡದೇ ಇದ್ರೂ ಬೆಲೆ ಐತೆ, ಒಳಗಿನ ಭಾಗಗಳಿಗೆ. ಮಾರ್ಲೇಬೇಕು ಅಂದ್ರೆ ಪಟ್ಟಣದಲ್ಲಿ ಎರಡು ಮೂರು ಕಡೆ ಕೇಳಿ ಮಾರಿ. ಅದಕ್ಕೂ ಮುಂಚೆ ಮನೆಯಲ್ಲಿ ಹಿರಿಯರಿದ್ರೆ ಅವರನ್ನ ಕೇಳಿ. ಗಂಡಸರನ್ನಷ್ಟೇ ಅಲ್ಲ, ಅತ್ತೆಯನ್ನ, ದೊಡ್ಡಮ್ಮನನ್ನ ಕೇಳಿ. ಕಟ್ಕೊಂಡ ಮಾವನಿಗೆ ಅದು ಯಾವ ಮಾಡಲ್ಲು ಅಂತ ನೆನಪಿರ್ಬೋದು. ಅದಕ್ಕೆ ತನ್ನಪ್ಪ ಏನು ಮಾರಿದ, ಎಲ್ಲಿಂದ ತಂದ, ತರೋವಾಗ ಯಾರ ಹತ್ರ ಸಾಲ ಮಾಡಿದ ಅನ್ನೋದು ಗೊತ್ತಿರೋದು ಅತ್ತೆಗೆ. ಆ ಕಥೆ ಯಾವ ಕಾರ್ಖಾನೆಯ ದಾಖಲೆಯಲ್ಲೂ ಇಲ್ಲ.

ಕೇಳಿದ್ದನ್ನ ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆಗೇ ಇಡಿ. ಯಾರ ಮದುವೆ, ಯಾವ ವರ್ಷ, ಯಾರು ಕೊಟ್ಟಿದ್ದು, ಯಾರಿಗೆ. ಕೊಟ್ಟವರ ಹೆಸರನ್ನ ಮೊದಲು ಬರೀರಿ. ತಿಂಗಳಿಗೆ ಒಂದು ಸಲ ತೆಗೆದು, ಒರೆಸಿ, ಕೀ ಕೊಟ್ಟು ಒಂದು ದಿನ ಓಡಿಸಿ ಇಡಿ. ಡಬ್ಬಿಗೆ ನುಸಿಗುಳಿಗೆ ಹಾಕಬೇಡಿ, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ರೆ ಸಾಕು. ನಿಮ್ಮ ಮನೆಯಲ್ಲಿ ಯಾವ ವಾಚು ಐತೆ, ಅದರ ಹಿಂದೆ ಏನು ಕಥೆ ಐತೆ ಅಂತ ಸಿಕ್ಕಾಗ ಹೇಳಿ, ಬರೆದಿಟ್ಕೊಳ್ತೀನಿ.